ದಾರದಣ್ಣನ ಕಾಲುವೆ ಡೊಂಕಾದ ಬಗೆ

ಜೇಬಿನಲ್ಲಿ ದಾರದ ಉಂಡೆಯಿಲ್ಲದೆ ಮನೆಯಿಂದ ಹೊರಬೀಳದ ಆ ಅಗೆಯುವ ಯಂತ್ರದ ಚಾಲಕನನ್ನು ಊರೆಲ್ಲ ದಾರದಣ್ಣನೆಂದೇ ಕರೆಯುತ್ತಿತ್ತು. ಅವನು ತೋಡಿದ ಚರಂಡಿಯಾಗಲಿ ಪಾಯವಾಗಲಿ ಕೂದಲೆಳೆಯಷ್ಟೂ ಅತ್ತಿತ್ತ ಸರಿದದ್ದಿಲ್ಲ. ಗೋಡೆಯ ಮೇಲಿನ ಪಟ ಓರೆಯಾಗಿದ್ದರೆ ಅವನಿಗೆ ತುತ್ತು ಗಂಟಲಿಗಿಳಿಯುತ್ತಿರಲಿಲ್ಲ.

ಅವನ ಹೆಂಡತಿಯದು ಬಲೆ ಹೆಣೆಯುವ ಕಸುಬು. ಅಳಿವೆಯ ಅಂಚಿನಲ್ಲಿ, ಹಳೆಯ ಒಡ್ಡಿನ ಹಿಂದೆ ಒಣಗಿ ಬಿದ್ದಿದ್ದ ಜೌಗಿಗೆ ಮತ್ತೆ ಉಬ್ಬರದ ನೀರು ಬಿಟ್ಟರೆ ಮೀನಮರಿಗಳು ಅಲ್ಲಿ ಬೆಳೆದು ಕಡಲು ಸೇರುತ್ತವೆಂದು ಮೀನುಗಾರರ ಸಂಘವನ್ನು ಒಪ್ಪಿಸಿದವಳು ಅವಳೇ. ಸಂಘ ಗಡುವು ಹಾಕಿತು: ಸೆಪ್ಟೆಂಬರ್ ಮೂವತ್ತರೊಳಗೆ ಮರಿಗಳು ನೆಲೆ ನಿಲ್ಲದಿದ್ದರೆ ಜೌಗಿಗೆ ಮಣ್ಣು ತುಂಬಿ ದೋಣಿ ರಿಪೇರಿಯ ಅಂಗಳ ಮಾಡುವುದು. ನೀರು ತರುವ ಕಾಲುವೆಯ ಕೆಲಸ ಗಂಡನ ಪಾಲಿಗೆ ಬಂತು.

ಏಪ್ರಿಲ್ ಹನ್ನೊಂದು, ಗುರುವಾರ, ಅವನು ದಾರ ಬಿಗಿದು ತೋಡತೊಡಗಿದ. ಮುಗಿದಾಗ ಕಾಲುವೆ ಬಿಟ್ಟ ಬಾಣದಂತಿತ್ತು. ಅವನು ಅದನ್ನು ಒಡ್ಡಿನ ಮೇಲೆ ನಿಂತು ಬಹಳ ಹೊತ್ತು ನೋಡಿದ.

ಆದರೆ ಉಬ್ಬರ ಧಾವಿಸಿ ಬಂದು, ಇಳಿತದಲ್ಲಿ ಅಷ್ಟೇ ರಭಸದಿಂದ ಹೊರಟುಹೋಗುತ್ತಿತ್ತು. ದಡದಲ್ಲಿ ನೆಟ್ಟ ಹುಲ್ಲು ಕಿತ್ತುಹೋಯಿತು. ಒಂದು ಮರಿಯೂ ಉಳಿಯಲಿಲ್ಲ. ಜೂನ್ ಮೊದಲ ವಾರ ಸಂಘದ ಅಧ್ಯಕ್ಷ ಅವಳ ಬಲೆ ಅಂಗಡಿಯ ಬಾಗಿಲಲ್ಲಿ ಇಣುಕಿದ.

“ಏನಮ್ಮಾ, ನಿನ್ನ ಮರಿಗಳು ಇನ್ನೂ ದಾರಿಯಲ್ಲೇ ಇವೆಯಾ?”

ಅವಳು ಉತ್ತರವನ್ನು ಮನೆಗೆ ಹೊತ್ತು ತಂದು ಗಂಡನ ಮುಂದಿಟ್ಟಳು.

“ನಿಮ್ಮ ಕಾಲುವೆ ಎಲ್ಲೂ ನಿಲ್ಲದ ಬಸ್ಸು ಕಣ್ರೀ. ಪಾಪ, ಮರಿಗಳು ಎಲ್ಲಿ ಇಳಿಯಬೇಕು?”

“ಅಳತೇಲಿ ಒಂದು ಬೆರಳು ತಪ್ಪಿದ್ರೆ ತೋರಿಸು!”

“ತಪ್ಪಿಲ್ಲ. ಅದೇ ತಾಪತ್ರಯ. ತಿರುವಿದ್ರೆ ತಾನೇ ನೀರು ನಿಧಾನಿಸೋದು?”

ಅವನು ಮುಖ ಊದಿಸಿಕೊಂಡು ಮಲಗಿದ. ಬೆಳಿಗ್ಗೆ ಇಳಿತದ ಹೊತ್ತಿಗೆ ಮಾತ್ರ ಜೌಗಿನಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದ. ಕಾಲುವೆಯಿಂದ ದೂರದಲ್ಲಿ, ಹಿಂದೆ ಸರಿಯುವ ನೀರು ಕೆಸರಿನ ಮೇಲೆ ತನಗೆ ಬೇಕಾದಂತೆ ಹಾವಿನ ಹಾಗೆ ಹೊರಳಿ ಎಳೆದ ಗೆರೆಗಳಿದ್ದವು. ಅವನು ಉಂಡೆ ಬಿಚ್ಚಿದ. ಜೀವಮಾನದಲ್ಲಿ ಮೊದಲ ಸಲ ದಾರವನ್ನು ಸಡಿಲವಾಗಿ, ಆ ಗೆರೆಯ ಮೇಲೆಯೇ ಹಾಸಿ, ತಿರುವಿಗೊಂದು ಗೂಟ ಹೊಡೆದ.

ಮೊದಲು ನೇರ ಕಾಲುವೆಯ ಬಾಯಿ ಮುಚ್ಚಿ ಯಂತ್ರ ಹತ್ತಿದ. ಕೈ ಕೇಳಬೇಕಲ್ಲ! ಮೊದಲ ತಿರುವು ತಾನಾಗಿಯೇ ನೆಟ್ಟಗಾಯಿತು.

“ರೀ, ಮತ್ತೆ ಶುರುವಾಯ್ತು ನಿಮ್ಮ ಚಾಳಿ!” ಒಡ್ಡಿನಿಂದ ಹೆಂಡತಿ ಕೂಗಿದಳು.

“ಕಾಣುತ್ತೆ ಬಿಡೇ!” ಎಂದು ಗೊಣಗಿ, ತೋಡಿದ ಮಣ್ಣನ್ನು ತಾನೇ ತುಂಬಿ, ಮತ್ತೆ ತೋಡಿದ. ಹತ್ತನೆಯ ತಿರುವಿನ ಹೊತ್ತಿಗೆ ಕೈ ಪಳಗಿತ್ತು. ಹದಿನೈದನೆಯದಕ್ಕೆ ದಾರ ನೋಡುವುದನ್ನೇ ಬಿಟ್ಟಿದ್ದ. ಮಳೆಗಾಲದಲ್ಲಿ ತಿರುವುಗಳ ಒಳಮಗ್ಗುಲಲ್ಲಿ ಹೂಳು ಕೂತಿತು, ಹೂಳಿನಲ್ಲಿ ಹುಲ್ಲು ಬೇರು ಹಿಡಿಯಿತು.

ಸೆಪ್ಟೆಂಬರ್ ಇಪ್ಪತ್ತೆಂಟರ ಇಳಿತದಲ್ಲಿ ಹೆಂಡತಿ ತಾನೇ ಹೆಣೆದ ಸಣ್ಣ ಕಣ್ಣಿನ ಬಲೆಯನ್ನು ಮೂರನೆಯ ತಿರುವಿನಲ್ಲಿ ಎಳೆದಳು. ಬಲೆಯ ತಳದಲ್ಲಿ ಬೆಳ್ಳಿಯ ಚೂರುಗಳಂತೆ ಮರಿಗಳು ಮಿಡುಕಿದವು. ಅಧ್ಯಕ್ಷ ಬಗ್ಗಿ ನೋಡಿದ. ಇನ್ನೊಂದು ತಿರುವಿನಲ್ಲೂ ಎಳೆಸಿ ನೋಡಿದ.

“ಅಂಗಳಕ್ಕೆ ಬೇರೆ ಜಾಗ ಹುಡುಕೋಣ” ಎಂದ. “ಆದ್ರೂ ದಾರದಣ್ಣ, ಇಷ್ಟು ಡೊಂಕು ನಿನ್ನ ಕೈಯಿಂದ ಹೇಗೆ ಬಂತಪ್ಪ?”

“ಅಳೆದೇ ಡೊಂಕು ಮಾಡಿದ್ದು” ಎಂದು ಅವನು ಗಂಭೀರವಾಗಿ ಹೇಳಿದ.

ಮರಿಗಳನ್ನು ನೀರಿಗೆ ಬಿಟ್ಟು ಮನೆಗೆ ಬಂದವನು ಗೋಡೆಯ ಪಟವನ್ನು ನೆಟ್ಟಗೆ ಮಾಡಿ ಊಟಕ್ಕೆ ಕುಳಿತ.