ಎರಡು ಕಾಲಂಗಳಲ್ಲಿ ಹಿಡಿಯದ ಯುದ್ಧ

ಮೇಘನಾ, ನೀನು ಓದಿದ್ದೆ. ಓದಲಿಲ್ಲ ಎಂದು ನಿನ್ನ ಅಪ್ಪನಿಗೆ ಸುಳ್ಳು ಹೇಳಿದವನು ನಾನು.

ಬೆನ್ಸನ್ ಟೌನ್‌ನ ನನ್ನ ಟ್ಯೂಷನ್ ಕೋಣೆಯಲ್ಲಿ ಹದಿನೇಳನೇ ಶತಮಾನದ ಇಂಗ್ಲೆಂಡಿನ ಅಂತರ್ಯುದ್ಧಕ್ಕೆ ಒಂದೇ ಹಾಳೆಯ ಚಾರ್ಟ್ ಇತ್ತು — ಎಡಕ್ಕೆ ರಾಜ, ಬಲಕ್ಕೆ ಪಾರ್ಲಿಮೆಂಟು. ಶಿವಾಜಿನಗರದಲ್ಲಿ ಹಳೆ ಪುಸ್ತಕ ಮಾರಿ ಮೇಲೆ ಬಂದವನು ನಾನು. ದಪ್ಪ ಪುಸ್ತಕ ಯಾರಿಗೂ ಬೇಡ, ಹಾಳೆ ಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು. ನೀನೊಬ್ಬಳು ಪುಸ್ತಕ ಓದಿ ಬಂದೆ. ಪಾರ್ಲಿಮೆಂಟಿನವರೇ ಎಷ್ಟೋ ಜನ ರಾಜನ ಕಡೆ ಹೋದರು, ಉಳಿದವರಿಗೂ ರಾಜನಿಗೊಂದು ಕಡಿವಾಣ ಹಾಕಿದರೆ ಸಾಕಿತ್ತು, ಗೆದ್ದ ಮೇಲೆ ಅವರೂ ತಮ್ಮೊಳಗೇ ಜಗಳವಾಡಿದರು ಎಂದು ನನ್ನ ಟೆಸ್ಟಿನಲ್ಲಿ ನೀನು ಉತ್ತರ ಬರೆದೆ.

"ಸರ್, ರಾಜನ ತಲೆ ಕಡಿದಿದ್ದು ಕೊನೇಲಿ. ಶುರೂಲಿ ಆ ಯೋಚ್ನೆ ಇರ್ಲಿಲ್ವಲ್ಲ?"

"ಯಾಕಮ್ಮಾ, ಅವ್ರ ಜೊತೆ ಕೂತ್ಕೊಂಡು ಟೀ ಕುಡ್ದಿದ್ಯಾ? ಚಾರ್ಟಲ್ಲಿರೋದು ಬರಿ!"

ಎಲ್ಲರೂ ನಕ್ಕರು. ನೀನು ಹೇಳಿದ್ದು ಸರಿ ಎಂದು ನನಗೆ ಆಗಲೇ ಗೊತ್ತಿತ್ತು — ಅದಕ್ಕೇ ಅಷ್ಟು ಸಿಟ್ಟು.

ಪರೀಕ್ಷೆಯಲ್ಲಿ ಕೇಳಿದ್ದು, ಗೆದ್ದ ಪಾರ್ಲಿಮೆಂಟು ತನ್ನೊಳಗೇ ಏಕೆ ಒಡೆಯಿತು ಎಂದು. ರಾಜನಿಗೆ ಯಾವ ಷರತ್ತು, ಸೈನ್ಯವನ್ನು ಏನು ಮಾಡುವುದು — ಆ ಜಗಳವೆಲ್ಲ ನಿನ್ನ ಹಳೆಯ ಉತ್ತರದಲ್ಲಿತ್ತು. ಅದರ ಮೇಲೆ ಕೆಂಪು ಗೆರೆ ಎಳೆದವನು ನಾನೇ. ಹೆದರಿ ನೀನು ಚಾರ್ಟನ್ನೇ ಬರೆದು ಬಂದೆ. ಅಂಕ ಬೀಳಲಿಲ್ಲ.

ಕಮ್ಮನಹಳ್ಳಿಯ ಹಾರ್ಡ್‌ವೇರ್ ಅಂಗಡಿ ಬಿಟ್ಟು ನಿನ್ನ ಅಪ್ಪ ಓಡಿ ಬಂದರು. "ಹಿಸ್ಟರಿನೇ ಓದ್ತೀನಿ ಅಂತಾಳೆ ಸಾರ್. ಓದಿಸ್ಲಾ, ಬೇಡ್ವಾ? ನೀವು ಹೇಳ್ದಂಗೆ." ಪಕ್ಕದಲ್ಲೇ ಹೊಸ ಬ್ಯಾಚಿನ ತಂದೆತಾಯಂದಿರು ಕೂತು ಕೇಳಿಸಿಕೊಳ್ಳುತ್ತಿದ್ದರು. ತಪ್ಪು ನನ್ನದು ಎಂದರೆ ಅವರು ಎದ್ದು ಹೋಗುತ್ತಿದ್ದರು.

"ಅವ್ಳು ಮೊದ್ಲಿಂದ್ಲೂ ಓದ್ಲೇ ಇಲ್ಲ ರೀ. ಕಾಮರ್ಸ್‌ಗೆ ಹಾಕ್ಬಿಡಿ."

ಹಾಕಿದರು.

ಈ ಯುದ್ಧದ ರಾಜಕೀಯ ಓದುವ ಮಕ್ಕಳೇ, ಕೊನೆ ಗೊತ್ತಿದೆ ಎಂದು ಮೊದಲನ್ನೂ ಹಾಗೆಯೇ ಬರೆಯಬೇಡಿ — ಕೊನೆಯ ಅಂಕ ತೋರಿಸಿ ಮೊದಲಿಂದಲೂ ಓದಲಿಲ್ಲ ಎಂದು ನಾನು ಒಬ್ಬ ಹುಡುಗಿಯ ವಿಷಯದಲ್ಲಿ ಮಾಡಿದ್ದೂ ಅದನ್ನೇ. ಒಂದೇ ಹೆಸರಿನ ಕೆಳಗೆ ನಿಂತವರೆಲ್ಲ ಒಂದೇ ಮನಸ್ಸಿನವರು ಎಂದುಕೊಳ್ಳಬೇಡಿ. ನನ್ನಂಥವರ ಚಾರ್ಟ್ ಸಿಕ್ಕರೆ ಹರಿದು ಹಾಕಿ. ಕಾಕ್ಸ್ ಟೌನ್‌ನ ಜೆರಾಕ್ಸ್ ಅಂಗಡಿಗಳಲ್ಲಿ ಆ ದರಿದ್ರ ಹಾಳೆ ಇನ್ನೂ ಸಿಗುತ್ತದೆ.

ಮೇಘನಾ, ನಿನ್ನ ಅಪ್ಪ ಈಗಲೂ ಕಂಡಾಗಲೆಲ್ಲ "ಅವತ್ತು ಸರಿಯಾಗಿ ಹೇಳಿದ್ರಿ ಸಾರ್" ಎನ್ನುತ್ತಾರೆ. ನಾನು — ತಲೆ ಆಡಿಸುತ್ತೇನೆ. ಇಷ್ಟು ವರ್ಷ ಆಡಿಸಿದೆ. ನಾಳೆ ಅವರು ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ಹೋಗುತ್ತೇನೆ. ಗಿರಾಕಿಗಳಿದ್ದರೂ ಹೇಳುತ್ತೇನೆ. ಅವರು ನನ್ನ ಕೊರಳಪಟ್ಟಿ ಹಿಡಿದರೆ — ಬಿಡಿಸಿಕೊಳ್ಳುವುದಿಲ್ಲ.