ಸದ್ದಿನ ಪಕ್ಕದ ಮಂಚ

ಕೊಪ್ಪಳದ ವ್ಯಸನಮುಕ್ತಿ ವಾರ್ಡಿನಲ್ಲಿ ನಾನು ಆಪ್ತಸಮಾಲೋಚಕಿಯಾಗಿದ್ದಾಗ ಅಳವಂಡಿ ಕಡೆಯ ಮಾಜಿ ಸೈನಿಕರೊಬ್ಬರು ದಾಖಲಾದರು. ತೋಪಖಾನೆಯಲ್ಲಿದ್ದವರು, ನಿವೃತ್ತಿಯ ನಂತರ ಗಿಣಿಗೇರಾದ ಕಾರ್ಖಾನೆಯೊಂದರ ಗೇಟು ಕಾಯುತ್ತಿದ್ದರು. ಹಿಂದೆಯೂ ಕುಡಿತ ಬಿಡಿಸಿಕೊಂಡು ಹೋಗಿ ಮತ್ತೆ ಹಿಡಿದಿದ್ದರು. ಈ ಸಲ ಹೆಂಡತಿ ಬೈದು, ಅತ್ತು ಕರೆತಂದಿದ್ದರು.

ವಾರ್ಡಿನ ಮೂಲೆಯ ಹಳೆಯ ಕೂಲರ್ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು. ಅದರ ಪಕ್ಕದ ಮಂಚ ಯಾರಿಗೂ ಬೇಡ. ಇವರು ಮಾತ್ರ ಅದನ್ನೇ ಕೇಳಿ ಪಡೆದರು. ಕೈನಡುಕ ನಿಂತು ಊಟ ಸೇರತೊಡಗಿದ ಮೇಲೂ ಅಲ್ಲಿಂದ ಕದಲಲಿಲ್ಲ. ಯಾಕಿರಬಹುದು ಎಂದು ನನಗೆ ಒಳಗೊಳಗೇ ಕುತೂಹಲ. ಒಂದು ಮಧ್ಯಾಹ್ನ ಕರೆಂಟು ಹೋಗಿ ಕೂಲರ್ ನಿಂತಿತು. ಉಳಿದವರು ಹಾಯಾಗಿ ಮಗ್ಗುಲಾದರು. ಇವರು ಎದ್ದು ಕೂತು ಎರಡೂ ಕಿವಿ ಉಜ್ಜಿಕೊಳ್ಳತೊಡಗಿದರು.

“ಸಾಹೇಬ್ರ, ಸಪ್ಪಳ ನಿಂತ್ರ ನಿಮಗ ಏನಾಗ್ತೈತ್ರಿ?” ಎಂದೆ.

“ಕಿವ್ಯಾಗ ಸೀಟಿ ಹೊಡದಂಗ ಆಗ್ತೈತ್ರಿ ಅಕ್ಕಾರ. ತೋಪಿನ ಬಾಜೂ ನಿಂತು ನಿಂತು ಹಿಂಗಾತು. ಹೊಲದಾಗ ಒಬ್ಬನ ಇದ್ರಂತೂ ಭಾಳ. ಕುಡದ್ರ ಅದು ದೂರ ಹೋಗ್ತೈತಿ.”

“ಮೊದಲ ಯಾಕ ಹೇಳಲಿಲ್ರಿ?”

“ಎಷ್ಟ ಕುಡೀತಿ ಅಂತ ಎಲ್ಲಾರೂ ಕೇಳಿದ್ರು. ಇದನ್ನ ಯಾರೂ ಕೇಳಲಿಲ್ರಿ.” ಮತ್ತೆ ಕಿವಿ ಉಜ್ಜಿಕೊಳ್ಳುತ್ತ ಹೇಳಿದರು: “ಆ ಸೀಟಿ ಜೋಡಿ ಒಬ್ಬ ದೋಸ್ತನೂ ನೆನಪಿಗೆ ಬರ್ತಾನ. ಬಾಜೂಕ ಇದ್ದವ, ಉಳೀಲಿಲ್ಲ.”

ಅಂದು ನಾನು ಹೆಚ್ಚು ಕೆದಕಲಿಲ್ಲ. ಮನೋವೈದ್ಯರಿಗೆ ಹೇಳಿದಾಗ ಅವರು ಕಿವಿ ವೈದ್ಯರನ್ನು ಕರೆಸಿದರು. ಒಂದು ಕಿವಿ ಬಹುಪಾಲು ಹೋಗಿತ್ತು. ಕುಡಿತಕ್ಕೆ ಮಾತ್ರೆ, ಕಿವಿಗೆ ಯಂತ್ರ, ಕೆಟ್ಟ ನಿದ್ದೆಗೂ ಆ ನೆನಪಿಗೂ ಮಾತುಕತೆ, ಹೀಗೆ ಎಲ್ಲವನ್ನೂ ಒಟ್ಟಿಗೇ ಶುರುಮಾಡಿದೆವು.

ಗೆಳೆಯನ ಮಾತು ಪೂರ್ತಿ ಬರಲು ವಾರಗಳೇ ಹಿಡಿದವು. ಪಂಜಾಬಿನವನಂತೆ. ಇವರಿಂದ ಕಲಿತ ಕನ್ನಡ “ಭಾಳ ಛಲೋ” ಎಂಬುದಷ್ಟೇ; ಹಿಮ ಬಿದ್ದರೂ, ದಾಲ್ ಸೀದರೂ ಅದನ್ನೇ ಅನ್ನುತ್ತಿದ್ದನಂತೆ. ಅದನ್ನು ಹೇಳುತ್ತ ನಕ್ಕರು, ನಗುತ್ತಲೇ ಅತ್ತರು.

ಮನೆಗೆ ಹೋದ ಮೇಲೆ ಒಮ್ಮೆ ಮತ್ತೆ ಕುಡಿದರು. ಮರುದಿನವೇ ದಂಪತಿ ಬಸ್ಸಿಳಿದು ಬಂದರು. ಹೆಂಡತಿಯ ಮುಖದಲ್ಲಿ ಸಿಟ್ಟಿರಲಿಲ್ಲ.

“ಈ ಸಲ ನಾ ಕರಕೊಂಡು ಬಂದಿಲ್ರಿ ಅಕ್ಕಾರ,” ಎಂದರು. “ಅವರ ನನ್ನ ಎಬ್ಬಿಸಿ ಕರಕೊಂಡು ಬಂದಾರ.”