ವಿಶಾಖಪಟ್ಟಣವಿಲ್ಲದ ಲೆಕ್ಕ

ಆ ದಿನವೂ ಎಂದಿನಂತೆ ಮೋಟಾರಿನ ಸದ್ದಿಗೆ ಎಚ್ಚರವಾಯಿತು. ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ನೀರು ಬಿಟ್ಟರೆ ಮೊದಲು ಬಚ್ಚಲಿನ ಪೈಪು ಕೆಮ್ಮುತ್ತಿತ್ತು, ಆಮೇಲೆ ನೀರು ಬರುತ್ತಿತ್ತು. ಬಕೆಟ್ ತುಂಬಿಸಿ, ಬಾಗಿಲ ಮುಂದೆ ಪುಟ್ಟದೊಂದು ರಂಗೋಲಿ ಎಳೆದು, ಫಿಲ್ಟರಿಗೆ ಒಂದು ಚಮಚ ಪುಡಿ ಹಾಕಿದೆ. ಒಬ್ಬರಿಗಾದರೆ ಡಿಕಾಕ್ಷನ್ ಸರಿಯಾಗಿ ಇಳಿಯುವುದಿಲ್ಲ. ಪುಡಿ ತೆಳ್ಳಗೆ ಹರಡಿಕೊಂಡು ನೀರು ಸರ್ರನೆ ಜಾರಿಬಿಡುತ್ತದೆ. ಆ ನೀರುಕಾಫಿಯನ್ನೇ ಹಿಡಿದು ಫೋನಿನ ಪಕ್ಕದ ಕುರ್ಚಿಯಲ್ಲಿ ಕುಳಿತೆ.

ಅಂದು ವಿಜಯವಾಡದಲ್ಲಿ ನನ್ನ ಯಜಮಾನರ ಲೆಕ್ಕ ತಾಳೆಯಾಗಬೇಕಿತ್ತು. ತಾಳೆಯಾದರೆ ಅವರು ಮನೆಗೆ ಬರುತ್ತಾರೆ, ಬಂದವರು ಮತ್ತೆ ಹೋಗುವುದಿಲ್ಲ. ಆಗದಿದ್ದರೆ ಮುಂದಿನ ಮೂರು ತಿಂಗಳ ಲೆಕ್ಕ ಮುಗಿಯುವವರೆಗೂ ಅಲ್ಲೇ. ಮಾಲೀಕರ ಮಾತು ಹಾಗಿತ್ತು.

ಮಾಲೀಕರದು ಸೀಗಡಿ ವ್ಯಾಪಾರದ ಕಂಪನಿ. ವಿಶಾಖಪಟ್ಟಣದಲ್ಲಿ ಕೋಲ್ಡ್ ಸ್ಟೋರೇಜು, ವಿಜಯವಾಡದ ಹೊರಗೆ ಮೇವಿನ ಮಿಲ್ಲು, ನಡುವೆ ಸೀಗಡಿ ಸಾಕುವ ಕೆರೆಗಳು. ಒಂದೊಂದು ಕಡೆಯೂ ಒಂದೊಂದು ಲೆಕ್ಕ. ಅವನ್ನೆಲ್ಲ ಸೇರಿಸಿ ಒಂದೇ ಲೆಕ್ಕ ಮಾಡುವ, ಬರುವ ವರ್ಷದ ಅಂದಾಜನ್ನೂ ಹಾಕಿಕೊಡುವ ಸಾಫ್ಟ್‌ವೇರನ್ನು ಮಾಲೀಕರು ಕೊಂಡು, ಅದನ್ನು ನೆಲೆಗೊಳಿಸುವ ಕೆಲಸವನ್ನು ಇವರಿಗೆ ಒಪ್ಪಿಸಿದ್ದರು. ಇಲ್ಲಿನ ಅಕೌಂಟ್ಸ್ ನೋಡಿಕೊಂಡಿದ್ದ ಇವರು ಹೀಗೆ ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಒಂದು ಕೋಣೆಗೆ ಹೋದರು. ಒಮ್ಮೆ ಹೋಗಿ ನೋಡಿ ಬಂದಿದ್ದೆ. ಕಿಟಕಿಗೆ ಪರದೆಯ ಬದಲು ಹಳೆಯ ಬೆಡ್‌ಶೀಟು, ಅದಕ್ಕೆ ನಾಲ್ಕು ಬಟ್ಟೆ ಕ್ಲಿಪ್ಪು.

ಅವರ ಕೆಲಸ ನನಗೆ ಅರ್ಥವಾಗಲೆಂದು ಒಂದು ಭಾನುವಾರ ಸಕ್ಕರೆ ಡಬ್ಬಿ ತೆರೆದು ತೋರಿಸಿದ್ದರು. "ದೊಡ್ಡ ಡಬ್ಬಿಯಿಂದ ಚಿಕ್ಕ ಡಬ್ಬಿಗೆ ಸುರಿದ್ರೆ ಮನೆಗೆ ಹೊಸ ಸಕ್ಕರೆ ಬಂದ ಹಾಗಾಯ್ತಾ? ಇಲ್ಲ ತಾನೇ? ನಮ್ಮ ಕೆರೆಯವರು ನಮ್ಮ ಕೋಲ್ಡ್ ಸ್ಟೋರೇಜಿಗೇ ಮಾರಿದ್ದನ್ನೂ ಹಾಗೇ ತೆಗೆದುಹಾಕ್ಬೇಕು." ಅಲ್ಲೇ ಅವರಿಗೆ ತಲೆನೋವು. ತಿಂಗಳ ಕೊನೆಗೆ ಕೆರೆಯಿಂದ ಹೊರಟ ಲಾರಿ ಅಲ್ಲಿ ಮಾರಾಟವೆಂದು ದಾಖಲಾಗಿರುತ್ತಿತ್ತು, ಇಲ್ಲಿ ಇನ್ನೂ ಬಂದೇ ಇರುತ್ತಿರಲಿಲ್ಲ. ಪ್ರತಿ ಸಲವೂ ವ್ಯತ್ಯಾಸ ಬರುತ್ತಿದ್ದುದು ವಿಶಾಖಪಟ್ಟಣದ, ಅವರ ಬಾಯಲ್ಲಿ ವೈಜಾಗಿನ, ಹೆಸರಿನ ಎದುರಿಗೇ.

ಹಿಂದಿನ ಸಲ ಅರೆಬರೆ ಅಂಕಿಗಳೂ ಸೇರಿಕೊಂಡು ಎಲ್ಲ ಕಲಸುಮೇಲೋಗರವಾಗಿತ್ತು. ಅದಕ್ಕೇ ಇವರು ಹೊಸ ನಿಯಮ ಹಾಕಿದ್ದರು: ಯಾವ ಊರಿನವರು ಲೆಕ್ಕ ಮುಗಿಸಿ ಕೊನೆಯ ಗುಂಡಿ ಒತ್ತಿಲ್ಲವೋ ಆ ಊರನ್ನು ಯಂತ್ರ ಮುಟ್ಟುವುದೇ ಇಲ್ಲ. "ಈಗ ಯಾರೂ ಕೆಡಿಸೋಕಾಗಲ್ಲ ನೋಡು" ಎಂದು ಫೋನಿನಲ್ಲಿ ಎಷ್ಟು ಹಿಗ್ಗಿದ್ದರು!

ಮಧ್ಯಾಹ್ನಕ್ಕೆ ಮುಂಚೆಯೇ ಫೋನು ಬಂತು.

"ಕೂಡ್ತು ಕಣೇ! ಒಂದು ಪೈಸೆ ವ್ಯತ್ಯಾಸ ಇಲ್ಲ!"

"ನಿಜವಾಗ್ಲೂ?"

"ಪುರೋಹಿತರ ಮುಹೂರ್ತ ಅಂದ್ರೆ ಸುಮ್ನೇನಾ? ಕಂಪ್ಯೂಟರಿಗೆ ಅರಿಶಿನ, ಮೌಸಿಗೆ ಕುಂಕುಮ, ತೆಂಗಿನಕಾಯಿ ನೀರು ಕೀಬೋರ್ಡಿಗೆ ಬೀಳ್ದೇ ಇದ್ದಿದ್ದು ನನ್ನ ಪುಣ್ಯ. ಮಧ್ಯಾಹ್ನದ ಟ್ರೈನಿಗೆ ಹೊರಡ್ತೀನಿ. ಮಜ್ಜಿಗೆ ಹುಳಿ ಮಾಡಿಟ್ಟಿರು, ಇಲ್ಲಿ ಮೆಸ್ಸಲ್ಲಿ ಗೋಂಗೂರ ತಿಂದು ತಿಂದು ನಾಲಿಗೆ ಜಡ್ಡು ಕಟ್ಟಿದೆ."

ರೈತು ಬಜಾರಿಗೆ ಹೋಗಿ ಬೂದುಗುಂಬಳಕಾಯಿ ಕೇಳಿದೆ. ನಾನು ದಿನವೂ ಒಂದು ಹೋಳು ಕೊಯ್ಸಿಕೊಳ್ಳುವವಳು. "ರೋಜೂ ಮುಕ್ಕ, ಈ ರೋಜು ಕಾಯಾ!" ಎಂದು ತರಕಾರಿಯವಳು ಕೂಗಿದಳು. ದಿನಾ ಹೋಳು, ಇವತ್ತು ಇಡೀ ಕಾಯೇ ಎಂದು. ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಮನೆಗೆ ಬಂದು ತೆಂಗಿನಕಾಯಿ ರುಬ್ಬುತ್ತಾ ಗಟ್ಟಿಯಾಗಿ ಕನ್ನಡದಲ್ಲಿ ಮಾತಾಡಿಕೊಂಡೆ. ಹಗಲೆಲ್ಲ ತೆಲುಗು, ಮನಸ್ಸಿನಲ್ಲಿ ಹೇಳಿಕೊಳ್ಳುವ ಪ್ರಾರ್ಥನೆ ಕಾನ್ವೆಂಟಿನ ಇಂಗ್ಲಿಷು. ಕನ್ನಡ ನನ್ನ ಬಾಯಿಂದ ಬರುತ್ತಿದ್ದುದು ಫೋನಿನಲ್ಲಿ ಮಾತ್ರ. ಇನ್ನು ಮೇಲೆ ಊಟದ ಮೇಜಿನಲ್ಲೂ ಬರುತ್ತದೆ ಎಂದುಕೊಂಡೆ. ಅವರ ದಿಂಬಿಗೆ ಒಗೆದ ಗೌಸು ಹಾಕಿದೆ. ತಿಂಗಳುಗಟ್ಟಲೆ ಮಡಚಿಟ್ಟದ್ದರಿಂದ ಅದರಲ್ಲಿ ಗೆರೆ ಮೂಡಿತ್ತು. ಬಿಚ್ಚಿ, ಇಸ್ತ್ರಿ ಮಾಡಿ, ಮತ್ತೆ ಹಾಕಿದೆ.

ಹುಳಿಗೆ ಒಗ್ಗರಣೆ ಹಾಕಿ ಇಳಿಸುವಾಗ ಮತ್ತೆ ಫೋನು. ಹಿಂದೆ ಹಾರನ್ನುಗಳ ಗದ್ದಲ. ರೈಲಿನ ಸದ್ದಲ್ಲ.

"ಟ್ರೈನ್ ತಪ್ಪಿಹೋಯ್ತಾ?" ಎಂದೆ.

"ಇಲ್ಲ ಕಣೇ. ವೈಜಾಗೇ ಇರ್ಲಿಲ್ಲ ಅದ್ರಲ್ಲಿ."

"ಯಾವುದರಲ್ಲಿ?"

"ಲೆಕ್ಕದಲ್ಲಿ."

ಆಮೇಲೆ ಒಂದೊಂದಾಗಿ ಹೇಳಿದರು. ಬೆಳಗ್ಗೆ ಇಲ್ಲಿನ ಗುಮಾಸ್ತರಿಗೆ ಫೋನು ಮಾಡಿದಾಗ "ಅಯಿಪೋಯಿಂದಿ ಸಾರ್", ಮುಗಿದುಹೋಯಿತು ಸಾರ್, ಎಂದಿದ್ದರಂತೆ. ಆಗಿದ್ದದ್ದು ಅಂಕಿ ತುಂಬುವ ಕೆಲಸ ಮಾತ್ರ. ಕೊನೆಯ ಗುಂಡಿ ಒತ್ತುವಷ್ಟರಲ್ಲಿ ಕರೆಂಟು ಹೋಗಿತ್ತು. ಅಲ್ಲಿ ರಾಹುಕಾಲ ಹತ್ತಿರವಾಗುತ್ತಿತ್ತು. ಯಾರೂ ಮತ್ತೆ ನೋಡದೆ ಮುಹೂರ್ತಕ್ಕೆ ಸರಿಯಾಗಿ ಲೆಕ್ಕ ಸೇರಿಸಿಬಿಟ್ಟರು. ಯಂತ್ರ ಇವರೇ ಹಾಕಿದ ನಿಯಮದಂತೆ ವಿಶಾಖಪಟ್ಟಣವನ್ನು ಬಿಟ್ಟು ಉಳಿದದ್ದನ್ನು ಕೂಡಿಸಿತು. ತಕರಾರಿನ ಊರೇ ಇಲ್ಲವಾದ ಮೇಲೆ ವ್ಯತ್ಯಾಸ ಎಲ್ಲಿಂದ ಬರಬೇಕು? ಲಡ್ಡು ಹಂಚಿದರು, ಚಪ್ಪಾಳೆ ತಟ್ಟಿದರು. ಮಾಲೀಕರು ಮಾತ್ರ ಲಡ್ಡು ಕೈಯಲ್ಲೇ ಹಿಡಿದು ಹಾಳೆಯಲ್ಲಿ ಕೋಲ್ಡ್ ಸ್ಟೋರೇಜಿನ ಕರೆಂಟು ಬಿಲ್ಲು ಹುಡುಕುತ್ತಿದ್ದರಂತೆ. ಅವರು ಯಾವಾಗಲೂ ಮೊದಲು ಬೈಯುವುದು ಅದನ್ನೇ.

"'ಏಮಯ್ಯಾ, ಈ ಸಲ ಸರ್ಕಾರ ನಮಗೆ ಕರೆಂಟು ದಾನ ಮಾಡಿತಾ?' ಅಂದ್ರು. ಆಗ ಗೊತ್ತಾಯ್ತು."

"ಈಗ ಸೇರಿಸಬಹುದಲ್ಲ?"

"ಸೇರಿಸಿದ್ವಿ. ಮತ್ತೆ ಅದೇ ಲಾರಿ ಜಗಳ. 'ಇನ್ನೊಂದು ಕ್ವಾರ್ಟರ್ ಕೂತು ಸರಿ ಮಾಡು' ಅಂದ್ರು." ಆಮೇಲೆ ನಕ್ಕರು. "ವೈಜಾಗ್ ಒಂದು ಬಿಟ್ರೆ ಎಲ್ಲಾ ಎಷ್ಟು ಚೆಂದ ಕೂಡತ್ತೆ ಗೊತ್ತಾ!"

ನಾನೂ ನಗಬೇಕೆಂದುಕೊಂಡೆ. ಬಾಗಿಲ ಸಂದಿಯಿಂದ ಮಂಚದ ಮೇಲಿನ ದಿಂಬು ಕಾಣುತ್ತಿತ್ತು. ಅವರು "ಹಲೋ, ಹಲೋ" ಎಂದರು.

"ಇದೀನಿ. ಊಟ ಮಾಡಿದ್ರಾ?"

"ಲಡ್ಡು ತಿಂದಿದೀನಿ. ನೀನು ಬೇಜಾರು ಮಾಡ್ಕೋಬೇಡ."

"ಇಲ್ಲಪ್ಪ" ಎಂದೆ. ಬೇಜಾರನ್ನು ಗಟ್ಟಿಯಾಗಿ ಹೇಳುವುದನ್ನು ನಮ್ಮ ಕಾನ್ವೆಂಟ್ ಶಾಲೆಯ ಸಿಸ್ಟರುಗಳು ಕಲಿಸಿರಲಿಲ್ಲ. ನಾನಾಗಿ ಕಲಿಯಲೂ ಇಲ್ಲ. ಅವರ ದುಡ್ಡಿನ ಫೋನು, ಅವರ ಕೆಟ್ಟ ದಿನ. ರಿಸೀವರ್ ಇಟ್ಟ ಮೇಲೆ ಅದರ ಸುರುಳಿ ವೈರಿನ ಗಂಟುಗಳನ್ನು ಬಿಡಿಸುತ್ತಾ ಕುಳಿತೆ. ಎಲ್ಲ ಬಿಡಿಸಿದರೂ ಅದು ತಾನಾಗಿ ಮತ್ತೆ ಸುತ್ತಿಕೊಂಡಿತು.

ಮಜ್ಜಿಗೆ ಹುಳಿ ನಾಳೆಗೆ ಹುಳಿತುಹೋಗುತ್ತದೆ. ಸಂಜೆ ದೀಪ ಹಚ್ಚಿ, ನನಗೊಂದು ಬಟ್ಟಲು ತೆಗೆದಿಟ್ಟುಕೊಂಡು, ಪಾತ್ರೆಯನ್ನೇ ಎತ್ತಿಕೊಂಡು ಎದುರು ಮನೆಯ ಗಂಟೆ ಒತ್ತಿದೆ. ಅಲ್ಲಿದ್ದ ವಯಸ್ಸಾದ ಹೆಂಗಸನ್ನು ನಾನು ಪಿನ್ನಿಗಾರು ಎನ್ನುತ್ತಿದ್ದೆ, ತೆಲುಗಿನಲ್ಲಿ ಚಿಕ್ಕಮ್ಮನನ್ನು ಕರೆಯುವ ಹಾಗೆ. ಸಿಂಹಾಚಲಂ ದೇವಸ್ಥಾನಕ್ಕೆ ಹೋಗಿ ಆಗತಾನೇ ಬಂದಿದ್ದರು, ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು.

"ಅಬ್ಬಬ್ಬಾ, ಇಷ್ಟೊಂದಾ!" ಎಂದು ತೆಲುಗಿನಲ್ಲಿ ಹೇಳುತ್ತಾ ಮುಚ್ಚಳ ತೆಗೆದು ಮೂಸಿದರು. "ನಿಮ್ಮ ಯಜಮಾನರು ಬಂದಿದ್ದಾರೇನಮ್ಮಾ?"

"ಇಲ್ಲ ಪಿನ್ನಿಗಾರು. ಬರಬೇಕಿತ್ತು."

"ಅದೇ ಅಂದ್ಕೊಂಡೆ" ಎಂದರು, ಪಾತ್ರೆ ಹಿಡಿದು ಒಳಗೆ ತಿರುಗುತ್ತಾ. "ನಿಮ್ಮ ಬಾಗಿಲಲ್ಲಿ ಒಂದೇ ಜೊತೆ ಚಪ್ಪಲಿ ಇತ್ತು."